ಎರಡು ಚಮಚದ ಕೋಲ್ಡ್ ಕಾಫಿ

ನಾನು ಫ್ರಿಜ್ ರಿಪೇರಿ ಮಾಡಿಕೊಟ್ಟ ಮನೆಯವರಿಗೆ ಅದರದೇ ಐಸು ಹಾಕಿ ಕೋಲ್ಡ್ ಕಾಫಿ ಮಾಡಿ ಕೊಡುವುದು ನನ್ನ ಚಟ. ಅದನ್ನು ದುಬೈ ಹೋಟೆಲಿನಲ್ಲಿ ಕಲಿತೆ ಅಂತ ಸುಳ್ಳು ಬಿಡುವುದು ಇನ್ನೊಂದು ಚಟ.

ಹಂಪಸಾಗರದ ಒಂದು ಮನೆಯಲ್ಲಿ ಯಜಮಾನ ನನ್ನ ಬೆನ್ನ ಹಿಂದೆಯೇ ನಿಂತು, “ಐಸ್ ಯಾವಾಗ ಆಗತೈತ್ರಿ?” ಅಂತ ಹತ್ತು ಸಲ ಕೇಳಿದ. ತಡಿಯಪ್ಪಾ ನಿನಗೆ ಅಂದುಕೊಂಡು, ಅವನ ಲೋಟಕ್ಕೆ ಹಾಲು, ಕಾಫಿಪುಡಿ, ಐಸಿನ ಜೊತೆ ಸಕ್ಕರೆ ಬದಲು ಎರಡು ಚಮಚ ಉಪ್ಪು ಹಾಕಿ ಕಲಕಿ ಕೊಟ್ಟೆ.

ಅವನು ಕುಡಿಯಲಿಲ್ಲ. ಲೋಟ ಒಯ್ದು ಮಂಚದ ಮೇಲೆ ಮಲಗಿದ್ದ ಹೆಂಡತಿಯ ಬಾಯಿಗೆ ಹಿಡಿದ. ನಾನು “ಬ್ಯಾಡ್ರಿ” ಅನ್ನುವಷ್ಟರಲ್ಲಿ ಆಕೆ ಎರಡು ಗುಟುಕು ನುಂಗಿ, “ಭಾಳ ಸಿಹಿ ಐತಿ” ಅಂದಳು.

ಯಜಮಾನ ಕಣ್ಣು ಒರೆಸಿಕೊಂಡ. “ಕ್ಯಾನ್ಸರಿನ ಔಷಧ ಶುರುವಾದಾಗಿಂದ ಆಕಿಗೆ ಯಾವ ರುಚಿನೂ ಗೊತ್ತಾಗ್ತಿದ್ದಿಲ್ರಿ. ಇವತ್ತು ಗೊತ್ತಾತು ನೋಡ್ರಿ! ಸಕ್ಕರಿ ಎಷ್ಟು ಹಾಕಿದ್ರಿ? ದಿನಾ ನಾನ ಮಾಡಿ ಕುಡಸ್ತೀನಿ.”

ಆಕೆ ನನ್ನನ್ನೇ ನೋಡುತ್ತಿದ್ದಳು.

“ಎರಡು ಚಮಚ ರೀ” ಅಂದೆ.

ಊರ ಮಂದಿಯ ಫ್ರಿಜ್ಜುಗಳು ಕೆಟ್ಟರೇ ನನ್ನ ಹೊಟ್ಟೆ ತುಂಬುವುದು. ಆ ಮನೆಯದೊಂದು ಮಾತ್ರ ಎಂದೂ ಕೆಡದಿರಲಿ ಅಂತ ಕೈಮುಗಿಯುತ್ತೇನೆ. ಕೆಟ್ಟರೆ ನನ್ನನ್ನೇ ಕರೆಯುತ್ತಾರಲ್ಲ.