ಬಾಗಿಲು ಹಾಕಿದರೆ ಮಾತ್ರ ಕಾಣುವ ನಿಯಮ

ಭಾನುವಾರ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಬಿಸಿಯಾಗುವುದು ಇಸ್ತ್ರಿಪೆಟ್ಟಿಗೆ. ಆವತ್ತೂ ಮಗಳ ಹಳದಿ ಫ್ರಾಕಿಗೆ, ಯಜಮಾನರ ಶರ್ಟಿಗೆ ಇಸ್ತ್ರಿ ಹಾಕಿ, ಅಕ್ಕಿರೊಟ್ಟಿಗೆ ಹಿಟ್ಟು ಕಲಸಿ ಒದ್ದೆ ಬಟ್ಟೆ ಮುಚ್ಚಿಟ್ಟೆ. ಚರ್ಚಿನಲ್ಲಿ ಪೂಜೆ ಮುಗಿಸಿ ಬಂದ ಮೇಲೆ ತಟ್ಟಿದರಾಯಿತು. ಸ್ಟೇಷನ್ ಕಡೆಯಿಂದ ರೈಲಿನ ಕೂಗು ಕೇಳಿದಾಗ ಮಗಳ ಜಡೆ ಹಾಕಲು ಕೂತೆ.

ಫ್ರಾಕಿನ ಮೇಲೆ ಅವಳು ಸ್ವೆಟರ್ ಹಾಕಿಕೊಂಡಿದ್ದಳು. ಕತ್ತಿನವರೆಗೂ ಗುಂಡಿ. ಅರಸೀಕೆರೆಯಲ್ಲಿ ಬೇಸಿಗೆ ಶುರುವಾಗಿ ಬೆಳಗಿನ ಹೊತ್ತಿಗೇ ಬೆವರುತ್ತಿದ್ದ ದಿನಗಳವು.

"ಸೆಕೆಯಲ್ಲಿ ಇದ್ಯಾಕೆ ಕಣೇ?"

"ಇರ್ಲಿ." ಮೇಲಿನ ಗುಂಡಿಯನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡು, "ಅಮ್ಮ, ಇವತ್ತು ನೀನು ಹೊರಗೆ ಮಾತಾಡ್ಕೊಂಡು ನಿಲ್ಲಬೇಡ. ಹಾಡಿನ ರೂಮಿಗೆ ನೀನೂ ಬಾ."

ಮಕ್ಕಳು ಮುಖ ನೋಡಿ ಹೇಳಲಾಗದ್ದನ್ನು ಬೆನ್ನು ತಿರುಗಿಸಿ ಕೂತಾಗ ಹೇಳುತ್ತಾರೆ. ನಾನು ಬಾಚಣಿಗೆ ನಿಲ್ಲಿಸಲಿಲ್ಲ. ಯಾಕೆ ಎಂದಷ್ಟೇ ಕೇಳಿದೆ.

"ಎಲ್ಲರನ್ನೂ ಕಳಿಸಿ ನನ್ನೊಬ್ಬಳಿಗೇ ಇರು ಅಂತಾರೆ ಹಾಡಿನ ಮೇಷ್ಟ್ರು. ಬಾಗಿಲು ಹಾಕ್ತಾರೆ. ಹತ್ರ ಕೂತ್ಕೋ, ಇನ್ನೂ ಹತ್ರ ಅಂತಾರೆ. ನಂಗೆ ಇಷ್ಟ ಆಗಲ್ಲ. ಮನೇಲಿ ಹೇಳ್ಬೇಡ, ಇದು ನಮ್ಮಿಬ್ಬರ ಗುಟ್ಟು ಅಂದ್ರು."

"ಹೇಳಿದ್ದು ಒಳ್ಳೇದಾಯ್ತು. ಇನ್ಮೇಲೆ ಆ ರೂಮಿಗೆ ನೀನು ಹೋಗಲ್ಲ," ಎಂದೆ. ನನ್ನ ದನಿ ಎಷ್ಟು ಸಮಾಧಾನವಾಗಿತ್ತೆಂದರೆ ನನಗೇ ಆಶ್ಚರ್ಯವಾಯಿತು. ಜಡೆ ಮಾತ್ರ ಸೊಟ್ಟಗೆ ಬಂದಿತ್ತು.

ಯಜಮಾನರಿಗೆ ಹೇಳಿದಾಗ ಅವರು ಕಾಫಿ ಲೋಟ ಕೆಳಗಿಟ್ಟು, "ಅವನ ಕೈಕಾಲು ಮುರಿದು ಬತ್ತೀನಿ," ಎಂದರು. ನೀವು ಮಗಳ ಕೈ ಬಿಡದೆ ಹಿಡಿದುಕೊಂಡಿರಿ, ಇವತ್ತಿಗೆ ಅದೇ ದೊಡ್ಡ ಕೆಲಸ ಎಂದೆ.

ಆ ರೂಮಿನ ವಿಷಯ ಹೇಳಬೇಕು. ದೇವಾಲಯದ ಪಕ್ಕ ಹಾರ್ಮೋನಿಯಂ, ಹಾಡಿನ ಪುಸ್ತಕ, ಮುರಿದ ಕುರ್ಚಿಗಳನ್ನು ಇಡುವ ಕೋಣೆ ಅದು. ಹಿಂದಿನ ವರ್ಷ ಮೇಲಿನಿಂದ, ಬಿಷಪರ ಕಚೇರಿಯಿಂದ, ಒಂದು ಸೂಚನೆ ಬಂದಿತ್ತು: ಮಕ್ಕಳ ಜೊತೆ ಇಬ್ಬರು ದೊಡ್ಡವರು ಇರಬೇಕು, ಬಾಗಿಲು ತೆರೆದಿರಬೇಕು. ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದ ಹಾಳೆ. ಅದನ್ನು ನಮ್ಮವರು ಅಂಟಿಸಿದ್ದು ಎಲ್ಲಿ? ಬಾಗಿಲಿನ ಒಳಮೈಗೆ. ಸುಣ್ಣದ ಗೋಡೆಗೆ ಟೇಪು ನಿಲ್ಲುವುದಿಲ್ಲವಂತೆ, ಬಾಗಿಲ ಹೊರಮೈಯಲ್ಲಿ ಯೇಸುಸ್ವಾಮಿಯ ಪಟವಿದೆಯಂತೆ. ಹೀಗಾಗಿ ನಿಯಮದ ಪ್ರಕಾರ ಬಾಗಿಲು ತೆಗೆದಿಟ್ಟರೆ ಹಾಳೆ ಗೋಡೆಗೆ ಒತ್ತಿಕೊಂಡು ಯಾರಿಗೂ ಕಾಣುವುದಿಲ್ಲ. ಬಾಗಿಲು ತೆರೆದಿರಲಿ ಎಂಬುದನ್ನು ಓದಬೇಕಾದರೆ ಬಾಗಿಲು ಹಾಕಬೇಕು. ನಾನು ಆಗಲೇ ಪೋಷಕರ ಸಭೆಯಲ್ಲಿ ಇದನ್ನು ಹೇಳಿದ್ದೆ. ಎಲ್ಲರೂ ನಕ್ಕರು. ಇಬ್ಬರು ದೊಡ್ಡವರು ಎಂಬ ಮಾತಿಗೆ ಮೇಷ್ಟ್ರು, "ನಾನೊಬ್ಬ, ದೇವರೊಬ್ಬ. ಲೆಕ್ಕ ಸರಿಹೋಯ್ತಲ್ಲ," ಎಂದಿದ್ದರು. ಅದಕ್ಕೂ ನಕ್ಕರು. ಆ ನಗುವಿನಲ್ಲೇ ಸಭೆ ಮುಗಿದು ಚಹಾ ಬಂದಿತ್ತು.

ಪೂಜೆಯಾದ ಮೇಲೆ ಸ್ವಾಮಿಗಳ, ಅಂದರೆ ನಮ್ಮ ಚರ್ಚಿನ ಪಾದ್ರಿಗಳ, ಮನೆಗೆ ಹೋದೆ. ಸ್ವಾಮಿಗಳು ಒಳ್ಳೆಯವರು, ಆದರೆ ಸದಾ ಅವಸರ. ಜಾವಗಲ್ ಕಡೆಯ ಕೆಲವು ಕುಟುಂಬಗಳಿಗಾಗಿ ಪೂಜೆ ನಡೆಸಲು ಹೊರಡುವವರಿದ್ದರು, ಹೆಲ್ಮೆಟ್ ಮೇಜಿನ ಮೇಲಿತ್ತು. ದೇವಾಲಯದ ಸಮಿತಿಯ ಹಿರಿಯರೊಬ್ಬರೂ ಅಲ್ಲೇ ಕೂತು ಬಾಳೆಹಣ್ಣು ಸುಲಿಯುತ್ತಿದ್ದರು. ಮಗಳು ಹೇಳಿದ್ದನ್ನು ಅವಳ ಮಾತಿನಲ್ಲೇ ಹೇಳಿದೆ.

ಸ್ವಾಮಿಗಳು ಕಣ್ಣು ಮುಚ್ಚಿಕೊಂಡರು. ಹಿರಿಯರು ಸಿಪ್ಪೆಯನ್ನು ತಟ್ಟೆಯ ಅಂಚಿಗೆ ನೀಟಾಗಿ ಜೋಡಿಸಿದರು.

"ತಾಯಿ, ಅವರಿಗೆ ಅರವತ್ತರ ಮೇಲಾಯ್ತು. ನಮ್ಮ ಮನೆಯವರ ಥರ. ನಿಮ್ಮ ಮದುವೆಗೂ ಅವರೇ ಅಲ್ವಾ ಹಾಡಿದ್ದು?"

"ಹೌದು, ಚೆನ್ನಾಗೇ ಹಾಡಿದ್ರು."

"ಮತ್ತೆ? ಮಕ್ಕಳನ್ನ ಮುದ್ದು ಮಾಡೋ ಸ್ವಭಾವ. ನಮ್ಮ ಕಾಲದಲ್ಲಿ ಮೇಷ್ಟ್ರು ಕಿವಿ ಹಿಂಡ್ತಿದ್ರು, ನಾವೇನು ಕಂಪ್ಲೇಂಟ್ ಕೊಟ್ವಾ?"

"ಕಿವಿ ಹಿಂಡಿದ್ದನ್ನ ಮನೇಲಿ ಹೇಳ್ಬೇಡ ಅಂತ ನಿಮ್ಮ ಮೇಷ್ಟ್ರು ಹೇಳಿದ್ರಾ?"

ಅವರು ಬಾಳೆಹಣ್ಣು ಬಾಯಿಗಿಟ್ಟುಕೊಂಡರು.

ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಮೆಲ್ಲಗೆ ಮಾತಾಡಲು ಕಲಿಸಿದ್ದರು. ದನಿ ಏರಿಸಿದವಳು ಸೋತಳು ಎನ್ನುತ್ತಿದ್ದರು. ಅದು ಎಲ್ಲ ಕಡೆ ನಡೆಯುವುದಿಲ್ಲ. ನಾನು ಮೆಲ್ಲಗೆ ಮಾತಾಡಿದಷ್ಟೂ ಅದೊಂದು ಸಣ್ಣ ವಿಷಯ ಎಂದು ಅವರಿಬ್ಬರಿಗೂ ಅನ್ನಿಸುತ್ತಿತ್ತು. ನಾನು ಜೋರು ಮಾಡಿದ್ದರೆ ಹೆಂಗಸರಿಗೆ ಆವೇಶ ಎನ್ನುತ್ತಿದ್ದರು.

"ನಿಮಗೆ ಅನುಮಾನ ಬಂದಿದೆ ಅಂತ ಆಯ್ತು," ಎಂದರು ಹಿರಿಯರು.

"ಅನುಮಾನ ಅಲ್ಲ. ಮಗು ಹೇಳಿದ್ದು. ಉಳಿದ ಮಕ್ಕಳ ತಂದೆತಾಯಿಗೂ ನೀವು ಹೇಳ್ಬೇಕು. ಪೊಲೀಸರಿಗೂ ಹೇಳ್ಬೇಕು, ಸ್ವಾಮಿ. ಬರೀ ನನ್ನ ಮಗಳನ್ನ ಮನೇಲಿ ಕೂರಿಸ್ಕೊಂಡ್ರೆ ಸಾಕಾ?"

ಸ್ವಾಮಿಗಳು ಕಣ್ಣು ತೆರೆದರು. "ಅಮ್ಮಾ, ನೀವು ಹೇಳಿದ್ದನ್ನ ನಾನು ನಂಬ್ತೀನಿ. ಇವತ್ತಿಂದಲೇ ಅವರನ್ನ ಹಾಡಿನ ಕ್ಲಾಸಿನಿಂದ ಬಿಡಿಸ್ತೀನಿ. ಆದರೆ ಸದ್ದಿಲ್ಲದೆ ಆಗ್ಲಿ. ವಿಶ್ರಾಂತಿ ಅಂತ ಹೇಳೋಣ. ಮೇಲಿನವರನ್ನ ಕೇಳಿ ಮುಂದಿನದು ನೋಡೋಣ."

"ವಿಶ್ರಾಂತಿ ಅಂದ್ರೆ ಒಂದು ಶಾಲು ಹೊದಿಸ್ಬೇಕಾಗುತ್ತೆ," ಎಂದರು ಹಿರಿಯರು. "ಇಷ್ಟು ವರ್ಷ ಸೇವೆ ಮಾಡಿದ್ದಾರೆ. ಹಾರ, ಫಲತಾಂಬೂಲ ಇಲ್ಲದೆ ಕಳಿಸಿದ್ರೆ ಜನ ಏನೋ ಇದೆ ಅಂತಾರೆ."

ಅವರು ತಮಾಷೆ ಮಾಡುತ್ತಿರಲಿಲ್ಲ. ಯಾವ ಬಣ್ಣದ ಶಾಲು ಎಂದು ಯೋಚಿಸುತ್ತಿದ್ದುದು ಅವರ ಮುಖದಲ್ಲೇ ಕಾಣುತ್ತಿತ್ತು.

"ಏನೋ ಇದೆ ಅಂತ ಜನಕ್ಕೆ ಗೊತ್ತಾಗ್ಲಿ ಅಂತಾನೇ ನಾನು ಬಂದಿರೋದು," ಎಂದೆ.

"ಶಾಲು ಬೇಡ," ಎಂದು ಸ್ವಾಮಿಗಳು ಹೆಲ್ಮೆಟ್ ಎತ್ತಿಕೊಂಡರು. "ಕಾರಣಾನೂ ಬೇಡ. ನಿಮ್ಮ ಮಗಳ ಹೆಸರು ಬೀದಿಗೆ ಬರೋದು ನಿಮಗೂ ಬೇಡ ಅಲ್ವಾ?"

ಮಗಳ ಹೆಸರು ಹೇಳಿ ಎಂದು ನಾನೆಲ್ಲಿ ಕೇಳಿದ್ದೆ? ನಾನು ಕೇಳಿದ್ದು ಮೇಷ್ಟ್ರ ಹೆಸರು ಹೇಳಿ ಎಂದು. ಆದರೆ ನಮ್ಮಲ್ಲಿ ಇಂಥ ಮಾತು ಎತ್ತಿದರೆ ಸಾಕು, ಕೆಡುವುದು ಹೆಣ್ಣುಮಗುವಿನ ಹೆಸರೊಂದೇ ಎಂದು ಎಲ್ಲರೂ ತೀರ್ಮಾನಿಸಿಬಿಡುತ್ತಾರೆ. ಬೈಕು ಗೇಟು ದಾಟುವವರೆಗೂ ಅಲ್ಲೇ ನಿಂತಿದ್ದೆ. ಹಿರಿಯರು ತಮ್ಮ ಪಾಡಿಗೆ ಇನ್ನೊಂದು ಹಣ್ಣಿಗೆ ಕೈ ಹಾಕಿದರು.

ಮನೆಗೆ ಬಂದು, ಮಗಳು ರೊಟ್ಟಿ ತಿನ್ನುವಾಗ ರೂಮಿನಲ್ಲಿ ಕೂತು ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಮೊದಲು ಕೇಳಿದ್ದು, "ಮಗುವಿಗೆ ಎಷ್ಟು ವಯಸ್ಸು ಮೇಡಂ? ಈಗ ಎಲ್ಲಿದೆ? ಸುರಕ್ಷಿತವಾಗಿದೆಯಾ?" ಎಂದು. ಎಂಟು ಎಂದೆ. ಬೆಳಗಿನಿಂದ ಅದನ್ನು ಯಾರೂ ಕೇಳಿರಲಿಲ್ಲ, ಮೇಷ್ಟ್ರ ವಯಸ್ಸೇ ಬಾಯಲ್ಲಿ ಓಡಾಡುತ್ತಿತ್ತು. ಆಗ ಮಾತ್ರ ನನ್ನ ದನಿ ಒಡೆಯಿತು. ಅವಳು ಕಾದಳು. ಹೇಳಿದ್ದನ್ನೆಲ್ಲ ಬರೆದುಕೊಂಡು, ನಮ್ಮವರು ಮನೆಗೆ ಬರುತ್ತಾರೆ, ಮಗುವನ್ನು ನೀವು ಮತ್ತೆ ಮತ್ತೆ ಕೇಳಬೇಡಿ ಎಂದಳು. ಹಾಡಿನ ಕ್ಲಾಸಿಗೆ ಬರುವ ಇನ್ನಿಬ್ಬರು ಮಕ್ಕಳ ತಾಯಂದಿರಿಗೂ ಫೋನ್ ಮಾಡಿದೆ. ಒಬ್ಬರು ಅತ್ತರು. ಇನ್ನೊಬ್ಬರು, "ಛೆ, ಅವರು ನಮ್ಮ ಮನೆಯವರ ಥರ ಕಣ್ರೀ," ಎಂದು ಇಟ್ಟುಬಿಟ್ಟರು.

ಸಂಜೆ ಮಗಳು ಸ್ವೆಟರ್ ಬಿಚ್ಚಿ ಎಸೆದು ವರಾಂಡದಲ್ಲಿ ಚಿತ್ರ ಬರೆಯುತ್ತಿದ್ದಳು. ನಾನು ತಂತಿಯ ಮೇಲಿನ ಬಟ್ಟೆ ತೆಗೆಯುತ್ತಿದ್ದೆ. ಪಕ್ಕದ ಮನೆಯವರು, ಕೊಬ್ಬರಿ ಮಂಡಿ ಇಟ್ಟಿರುವ ಕುಟುಂಬದ ಅಜ್ಜಿ, ಕಾಂಪೌಂಡಿನ ಆಚೆ ನಿಂತು ಕರಿಬೇವು ಮುರಿಯುತ್ತಿದ್ದರು. ನಮ್ಮ ದೇವಾಲಯಕ್ಕೂ ಅವರಿಗೂ ಸಂಬಂಧವಿಲ್ಲ, ಕ್ರಿಸ್‌ಮಸ್ಸಿಗೆ ನಾನು ಕೊಡುವ ಕಲ್ಕಲ್ ತಿಂಡಿ ಬಿಟ್ಟರೆ. ಒಂದು ಎಸಳು ನನ್ನ ಕಡೆಗೂ ಚಾಚಿ, ಏನೋ ಮಾತಿಗೆ ಎನ್ನುವ ಹಾಗೆ ಹೇಳಿದರು:

"ನಿಮ್ಮ ಹಾಡಿನ ಮೇಷ್ಟ್ರು ಮಧ್ಯಾಹ್ನ ನಮ್ಮ ಮಂಡಿ ತಾವ ಬಂದಿದ್ರಂತೆ ಕಣವ್ವ. ಚರ್ಚಿನ ಕೆಲ್ಸ ಬಿಟ್ರಂತೆ, ಈಗ ಬೇಕಾದಷ್ಟು ಬಿಡುವೈತಂತೆ. ಬುಧವಾರದಿಂದ ನಮ್ಮ ಮೊಮ್ಮಗಳಿಗೆ ಹಾರ್ಮೋನಿಯಂ ಹೇಳ್ಕೊಡೋಕೆ ಮನೆಗೇ ಬತ್ತಾರಂತೆ."