ಬಿಲದ ಬಾಯಿಯ ಸಗಣಿ

ಎವಾರಿಸ್ತೊನ ಗುಡಿಸಲಿನಿಂದ ಪಕ್ಕದ ಗುಡಿಸಲಿಗೆ ಹದಿನೇಳು ಕಿಲೋಮೀಟರು. ಅಲ್ಲೂ ಈಗ ಯಾರೂ ಇಲ್ಲ. ಮೂವತ್ತೊಂದು ವರ್ಷ ಈ ಪಾಂಪಾ ಬಯಲಿನಲ್ಲಿ ಯಜಮಾನನ ದನ ಕಾದ ಮುದುಕ ಅವನು. ಹೆಂಡತಿ ನಿಕಾಸಿಯಾ ಸತ್ತ ಮೇಲೆ ಮಾತಾಡಿಸಲು ಅವನಿಗೆ ಉಳಿದದ್ದು ಒಂದು ಜೋಡಿ ಗೂಬೆ.

ವಿಸ್ಕಾಚಾ ಹೆಗ್ಗಣಗಳು ತೋಡಿ ಬಿಟ್ಟುಹೋದ ಬಿಲದಲ್ಲಿ ಅವುಗಳ ಸಂಸಾರ. ಹೆಣ್ಣು ಒಳಗೆ ಕಾವಿಗೆ ಕೂತರೆ, ಗಂಡು ಹಾಡಹಗಲೇ ಬೇಲಿಗೂಟದ ಮೇಲೆ ಕಾವಲು. ಮುದುಕ ಕುದುರೆಯ ಮೇಲೆ ಹೋಗುವಾಗ ಟೋಪಿ ಎತ್ತುತ್ತಿದ್ದ. ಅದು ಗೋಣು ಕುಣಿಸುತ್ತಿತ್ತು.

"ನೋಡ್ದಾ ರೂಬೆನ್? ಯಜಮಾನನಿಗಿಂತ ಇವನೇ ವಾಸಿ, ತಿರುಗಿ ನಮಸ್ಕಾರ ಮಾಡ್ತಾನೆ," ಎನ್ನುತ್ತಿದ್ದ ನನಗೆ.

ಸೆಪ್ಟೆಂಬರಿನಲ್ಲಿ ವಸಂತ ಬಂದರೆ ಆ ಗೂಬೆಗಳು ಒಣಸಗಣಿಯ ಚೂರು ತಂದು ಬಿಲದ ಬಾಯಲ್ಲಿ ಹರವುತ್ತವೆ. ವಾಸನೆಗೆ ಸಗಣಿಹುಳ ಬರುತ್ತವೆ, ಬಂದವು ಹೊಟ್ಟೆಗೆ ಹೋಗುತ್ತವೆ. ಮರವೇ ಇಲ್ಲದ ನಮ್ಮ ಸೀಮೆಯಲ್ಲಿ ಒಲೆಗೂ ಅದೇ ಒಣಸಗಣಿ. ಮುದುಕನೂ ಗೂಬೆಗಳೂ ಒಂದೇ ಬಯಲಲ್ಲಿ ಅದನ್ನೇ ಆಯ್ದು ಬದುಕಿದವರು.

ಆ ವರ್ಷ ಯಜಮಾನ ಹುಲ್ಲುಗಾವಲು ಉತ್ತು ಸೋಯಾ ಹಾಕಲು ಹೊರಟ. ಟ್ರ್ಯಾಕ್ಟರ್ ಓಡಿಸುವವನು ನಾನು. ಬಯಲ ತುಂಬ ನೂರಾರು ಬಿಲ, ಬಹುಪಾಲು ಖಾಲಿ.

"ಉಳಬೇಡ ಅನ್ನೋಕೆ ನಾನ್ಯಾರು? ಬಾಯಲ್ಲಿ ಸಗಣಿ ಇರೋ ಬಿಲ ಕಂಡ್ರೆ ಮಾತ್ರ ಸುತ್ತಿಕೊಂಡು ಹೋಗು ಮಗಾ. ಒಳಗೆ ಜನ ಇದಾರೆ ಅಂತ ಅರ್ಥ," ಎಂದ ಮುದುಕ.

"ಜನ ಅಂತೆ! ಬಾಡಿಗೆ ಕೊಡ್ತಾರಾ?" ಎಂದು ನಕ್ಕೆ. ಅವನು ನಗಲಿಲ್ಲ. "ಆಯ್ತು ದೊನ್ ಎವಾರಿಸ್ತೊ, ಮಾತು ಕೊಟ್ಟೆ. ಸೋಮವಾರ ಬರ್ತೀನಿ," ಎಂದೆ.

ಮೂರು ದಿನ ಜಡಿಮಳೆ ಹಿಡಿಯಿತು. ಬಿಟ್ಟಾಗ ಮಣ್ಣು ಉಳುಮೆಗೆ ಹದವಾಗಿತ್ತು. ಭಾನುವಾರ ನಮ್ಮಲ್ಲಿ ಯಾರೂ ಉಳುವುದಿಲ್ಲ. ನನಗೆ ಮಾತ್ರ ಆತುರ, ಬೆಳಿಗ್ಗೆಯೇ ಇಳಿದೆ. ಗೂಟದ ಹತ್ತಿರದ ಬಿಲದ ಬಳಿ ನಿಲ್ಲಿಸಿ ಇಣುಕಿ ನೋಡಿದೆ, ಸಗಣಿಯ ಚೂರೂ ಇಲ್ಲ. ಗಂಡು ಗೂಬೆ ಗೂಟದ ಮೇಲಿಂದ ಕಿರುಚುತ್ತಲೇ ಇತ್ತು. ಗೂಬೆ ಇನ್ನೇನು ಮಾಡುತ್ತದೆ ಎಂದುಕೊಂಡು ನೇಗಿಲು ಇಳಿಸಿದೆ. ಆ ತಪ್ಪು ನನ್ನದೇ.

ಮಧ್ಯಾಹ್ನ ಗುಡಿಸಲಿಗೆ ಹೋದೆ. ಕರು ಹಾಕುವ ಹಸು ನೋಡಲು ಬಯಲಿನ ಆಚೆ ತುದಿಗೆ ಹೋಗಿದ್ದ ಮುದುಕ ಆಗಷ್ಟೇ ಬಂದು ಮಾಟೆ ಕಷಾಯಕ್ಕೆ ನೀರಿಟ್ಟಿದ್ದ.

"ನಾಳೆ ಅಲ್ವೇನೋ?"

"ಮಣ್ಣು ಹದ ಬಂದಿತ್ತು. ಗೂಟದ ಕಡೆ ಮುಗೀತು."

"ಸಗಣಿ?"

"ಒಂದು ಚೂರೂ ಇರ್ಲಿಲ್ಲ. ಇಳಿದು ನೋಡಿದೀನಿ, ಆಣೆ."

ಅವನು ಒಲೆಯ ಕಡೆ ನೋಡಿದ. ಮಾಟೆಗೆ ನೀರು ಕುದಿಯಬಾರದು, ಕುದಿದರೆ ಕಹಿ. ಅವತ್ತು ಕುದಿದು ಉಕ್ಕಿತು. ಅವನು ಕೆಟಲು ಇಳಿಸಲಿಲ್ಲ.

"ಮಳೆಗೆ ನನ್ನ ರಾಶಿ ಎಲ್ಲಾ ನೆನೆದೋಗಿತ್ತು. ಬಿಲದ ಬಾಯೊಳಗಿನದು ಒಂದೇ ಒಣಗಿತ್ತು," ಎಂದ. "ಬೆಳಕು ಹರಿಯೋ ಮುಂಚೆ ನಾನೇ ಎತ್ಕೊಂಡು ಬಂದೆ ಮಗಾ. ನೀನು ನಾಳೆ ಬರೋದಲ್ವಾ, ಅಷ್ಟರಲ್ಲಿ ಬೇರೆ ಇಡೋಣ ಅಂತ."

ನನ್ನನ್ನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಇಬ್ಬರೂ ಸಲಿಕೆ ಹಿಡಿದು ಹೋಗಿ ಅಗೆದೆವು. ಹೆಣ್ಣು ಮೊಟ್ಟೆಗಳ ಮೇಲೆಯೇ ಸತ್ತಿತ್ತು. ಮುದುಕ ಅದನ್ನು ಟೋಪಿಯಲ್ಲಿ ಎತ್ತಿಕೊಂಡ.

ಗಂಡು ಒಂಬತ್ತು ದಿನ ಗೂಟದ ಮೇಲೆ ಕೂತಿತ್ತಂತೆ. ಮುದುಕ ದಿನವೂ ಸಗಣಿ ಆರಿಸಿ ತಂದು ಆ ಜಾಗದಲ್ಲಿ ಹರವಿದನಂತೆ. ಹತ್ತನೆಯ ದಿನ ಗೂಟ ಖಾಲಿ. ಅವನು ಹರವುವುದು ನಿಲ್ಲಿಸಲಿಲ್ಲ.

ನವೆಂಬರಿನಲ್ಲಿ ಬಿತ್ತನೆಗೆ ಹೋದೆ. ಬಿಲವಿಲ್ಲ, ಹಕ್ಕಿಯಿಲ್ಲ. ನೆಲದ ಮೇಲೆ ಅಂಗೈಯಗಲ ಸಗಣಿ ಹರವಿತ್ತು. ದೂರದಲ್ಲಿ ಮುದುಕ ಕುದುರೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದ. ನಾನು ಸ್ಟಿಯರಿಂಗ್ ತಿರುಗಿಸಿ ಸುತ್ತಿಕೊಂಡು ಹೋದೆ.