ಬಜೆ ತೇದ ಎರಡು ವರ್ಷ

ಮಕ್ಕಳಿಗೆ ಔಷಧಿ ಕೊಡುವ ಆ ಪಂಡಿತರನ್ನು ಬೀದಿಯವರೆಲ್ಲ ನಾಲಿಗೆ ಪಂಡಿತರು ಅಂತಲೇ ಕರೆಯುತ್ತಿದ್ದರು. ಜ್ವರವಿರಲಿ, ಭೇದಿಯಿರಲಿ, ಸುಮ್ಮಸುಮ್ಮನೆ ಅಳುವ ರಗಳೆಯಿರಲಿ, ಅವರ ಮೊದಲ ಮಾತು ಒಂದೇ: "ಎಲ್ಲಿ, ನಾಲಿಗೆ ತೋರ್ಸು ಮರಿ." ಅಲ್ಲಿನ ಬಿಳಿ ಪದರ ನೋಡಿಯೇ ಹೊಟ್ಟೆಯ ಕಥೆಯನ್ನೆಲ್ಲ ಹೇಳಿಬಿಡುತ್ತಿದ್ದರು. ಹಾಲು ಕುಡಿಯುವ ಕೂಸಾದರೆ ಔಷಧಿ ಕೂಸಿಗಲ್ಲ, ತಾಯಿಗೆ. ಜೊತೆಗೆ ಬೈಗುಳ ಪುಕ್ಕಟೆ. "ನೀನು ಕಂಡಿದ್ದೆಲ್ಲ ತಿಂದು, ಮಗು ಅಳುತ್ತೆ ಅಂದ್ರೆ ಹೇಗಮ್ಮ?" ಬೈಸಿಕೊಂಡವರೇ ಮುಂದಿನ ಮಗುವನ್ನೂ ಎತ್ತಿಕೊಂಡು ಬರುತ್ತಿದ್ದರು. ಕೈಗುಣ ಅಂಥದ್ದು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಎಡವಿದ್ದು ಸ್ವಂತ ಮನೆಯಲ್ಲಿ. ಅಳಿಯನದು ಊರೂರು ತಿರುಗುವ ಕೆಲಸವಾದ್ದರಿಂದ ಮಗಳು ತವರಿನಲ್ಲೇ ಇದ್ದು, ಅಪ್ಪನ ಪಕ್ಕ ಕೂತು ಔಷಧಿಯ ಪೊಟ್ಟಣ ಕಟ್ಟುತ್ತಿದ್ದಳು. ಅವಳ ಮಗುವಿಗೆ ಎರಡು ತುಂಬಿದರೂ ಮಾತು ಬರಲಿಲ್ಲ. ಮಾತು ತಡವಾದ ಮಕ್ಕಳಿಗೆ ಬಜೆ ಬೇರನ್ನು ಕಲ್ಲಿನ ಮೇಲೆ ತೇದು ಜೇನಿನಲ್ಲಿ ನೆಕ್ಕಿಸುವುದು ಪಂಡಿತರು ತಂದೆಯಿಂದ ಕಲಿತ ಕ್ರಮ. ದಿನಾ ಬೆಳಿಗ್ಗೆ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು, ಬೆರಳ ತುದಿಯಲ್ಲಿ ಮದ್ದು ಹಿಡಿದು "ಚಾಚು" ಅನ್ನುತ್ತಿದ್ದರು. ಚಾಚುತ್ತಿತ್ತು. "ನಗು" ಅಂತ ತಾವೇ ನಕ್ಕರೆ ಅದೂ ನಗುತ್ತಿತ್ತು. "ಬಾ" ಅಂತ ತೋಳು ಚಾಚಿದರೆ ಓಡಿ ಬರುತ್ತಿತ್ತು.

"ಅಪ್ಪಾ, ಕಿವಿ ಒಂದ್ಸಲ ಆಸ್ಪತ್ರೇಲಿ ತೋರ್ಸೋಣ್ವಾ?" ಮಗಳು ಹೆದರುತ್ತಲೇ ಕೇಳಿದಳು.

"ಹೇಳಿದ್ದೆಲ್ಲ ಮಾಡ್ತಾಳೆ, ಕಿವಿಗೇನಾಗಿದೆ? ನಲವತ್ತು ವರ್ಷದಿಂದ ಮಕ್ಕಳನ್ನ ನೋಡ್ತಿರೋದು ನಾನೋ ನೀನೋ? ನಿನಗೂ ಮಾತು ಬಂದಿದ್ದು ಮೂರಕ್ಕೇ. ಈಗ ನೋಡು, ನಿಲ್ಸೋಕೇ ಆಗ್ತಿಲ್ಲ!"

ತಮ್ಮ ತಮಾಷೆಗೆ ತಾವೇ ನಕ್ಕರು. ಆರು ತಿಂಗಳು ಬಿಟ್ಟು ಅವಳು ಮತ್ತೆ ಕೇಳಿದಾಗ ತಮಾಷೆಯೂ ಇರಲಿಲ್ಲ, ಬರೀ ಗದರಿಕೆ. ಪಂಡಿತರು ಹಿಡಿದ ಮೊಲಕ್ಕೆ ಮೂರೇ ಕಾಲು. ಹಾಗಾದರೆ ಅವಳೇ ಕರೆದುಕೊಂಡು ಹೋಗಬಹುದಿತ್ತಲ್ಲ ಅಂತ ನೀವು ಕೇಳಬಹುದು. ಮಕ್ಕಳ ಪಂಡಿತರ ಮಗಳೇ ಮಗು ಎತ್ತಿಕೊಂಡು ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಅಪ್ಪನ ಮರ್ಯಾದೆ ಏನಾದೀತು ಅಂತ ಸುಮ್ಮನಾದಳು. ಹಾಗೆ ಸುಮ್ಮನಿದ್ದದ್ದಕ್ಕೆ ಆಮೇಲೆ ಎಷ್ಟು ಅತ್ತಳೋ.

ಮಗುವಿಗೆ ನಾಲ್ಕು ತುಂಬಿದ ಮೇಲೆ ಒಂದು ಮಧ್ಯಾಹ್ನ ಪಂಡಿತರು ಒಂದು ಕೂಸನ್ನು ನೋಡುತ್ತಿದ್ದರು. ಮೊಮ್ಮಗಳು ಅವರಿಗೆ ಬೆನ್ನು ಮಾಡಿ ಕೂತು ಖಾಲಿ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ಪಂಡಿತರ ಮೊಣಕೈ ತಗುಲಿ ಹಿತ್ತಾಳೆಯ ಕುಟ್ಟಾಣಿ ಕಲ್ಲುನೆಲದ ಮೇಲೆ ಬಿತ್ತು. ಆ ಸದ್ದಿಗೆ ಕೂಸು ಬೆಚ್ಚಿಬಿದ್ದು ಕಿರುಚಿತು, ಅದರ ತಾಯಿ "ಅಯ್ಯೋ" ಅಂದಳು, ಒಳಗಿನಿಂದ ಮಗಳು ಓಡಿ ಬಂದಳು. ಮೊಮ್ಮಗಳು ಮಾತ್ರ ಇನ್ನೊಂದು ಡಬ್ಬಿ ಎತ್ತಿಟ್ಟಳು. ಅವಳು ಇಷ್ಟು ದಿನ ನೋಡಿದ್ದು ತಮ್ಮ ಮುಖವನ್ನು, ಕೈಯನ್ನು. ತಮ್ಮ ಒಂದು ಮಾತೂ ಅವಳನ್ನು ಮುಟ್ಟಿಲ್ಲ ಅನ್ನುವುದು ಪಂಡಿತರಿಗೆ ಆಗ ತಿಳಿಯಿತು. ಅವರು ಅಪ್ಪಿತಪ್ಪಿಯೂ ಮಗುವಿನ ಬೆನ್ನ ಹಿಂದಿನಿಂದ ಒಮ್ಮೆ ಕರೆದು ನೋಡಿರಲಿಲ್ಲ.

ಮಾರನೆಯ ದಿನವೇ ಮೂವರೂ ಆಸ್ಪತ್ರೆಗೆ ಹೋದರು. ಪರೀಕ್ಷೆ ಮಾಡಿದ ಕಿವಿಯ ಡಾಕ್ಟರಮ್ಮ ಯಾರನ್ನೂ ಬೈಯಲಿಲ್ಲ. "ಕಿವಿಗೆ ಮಷೀನು ಹಾಕಿ, ಮಾತು ಕಲಿಸೋಣ. ಎರಡು ವರ್ಷ ಮುಂಚೆ ಬಂದಿದ್ರೆ ಚೆನ್ನಾಗಿತ್ತು. ಆ ವಯಸ್ಸಲ್ಲಿ ಕಲಿಯೋ ಹಾಗೆ ಆಮೇಲೆ ಕಲಿಯೋದು ಕಷ್ಟ" ಅಂದರು, ಅಷ್ಟೇ. ಬೈದಿದ್ದರೆ ಪಂಡಿತರಿಗೆ ಎಷ್ಟೋ ಹಗುರವಾಗುತ್ತಿತ್ತು.

ಅಂದಿನಿಂದ ಯಾವ ಮಗು ಬಂದರೂ ಮೊದಲು ಅದರ ಬೆನ್ನ ಹಿಂದೆ ಹೋಗಿ ಚಿಟಿಕೆ ಹೊಡೆಯತೊಡಗಿದರು. ತಿರುಗಿ ನೋಡದ ಒಂದು ಮಗುವನ್ನು ಅವತ್ತೇ ಆಸ್ಪತ್ರೆಗೆ ಕಳಿಸಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮಷೀನು ಹಾಕಿಸುವ ದಿನ ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಮಗು ಅಜ್ಜನ ತೊಡೆಯೇರಿ, ಎದೆಗೆ ಒರಗಿ, ಎದುರಿನ ಗೋಡೆ ನೋಡುತ್ತ ಕೂತಿತ್ತು. ಪಂಡಿತರು ಅದರ ನೆತ್ತಿಗೆ ಬಾಯಿಟ್ಟು ಮೆಲ್ಲಗೆ ಅಂದರು, "ತಪ್ಪಾಯ್ತು ಪುಟ್ಟಿ. ನನ್ನಿಂದ ದೊಡ್ಡ ತಪ್ಪಾಯ್ತು."

ಪಕ್ಕದಲ್ಲಿದ್ದ ಮಗಳು ಚೀಟಿಯಿಂದ ಕಣ್ಣೆತ್ತಲಿಲ್ಲ. "ಅವಳಿಗೆ ಕೇಳ್ಸಲ್ಲಪ್ಪಾ. ನಂಗೆ ಹೇಳಿ."

ಪಂಡಿತರು ಅವಳ ಕಡೆ ತಿರುಗಿದರು. ತಪ್ಪು ನಿನ್ನದು ಅಂತ ಅದೆಷ್ಟು ತಾಯಂದಿರಿಗೆ ಹೇಳಿದ್ದರೋ, ಲೆಕ್ಕವಿಲ್ಲ. ಈಗ ಈ ಒಬ್ಬ ತಾಯಿಗೆ ತಪ್ಪು ನನ್ನದು ಅನ್ನುವ ಬದಲು ಮಗುವಿನ ಅಂಗಿಯ ಗುಂಡಿ ಬಿಚ್ಚಿ ಮತ್ತೆ ಹಾಕತೊಡಗಿದರು. ಒಳಗಿನಿಂದ ನರ್ಸು ಮಗುವಿನ ಹೆಸರು ಕೂಗುವವರೆಗೂ ಮಗಳು ಕಾದಳು. ಆಮೇಲೆ ಎದ್ದು, ಮಗುವಿನ ಭುಜ ಮುಟ್ಟಿ, ಎತ್ತಿಕೊಂಡು ಹೋದಳು.